ಮೆನೋಪಾಸ್‌ಗೆ ಹಾರ್ಮೋನ್ ತಗೋಬೇಕಾ ಬೇಡ್ವಾ? ಲೆಕ್ಕ ಹಾಕೋದು ಹೇಗೆ

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಘೋಷಣೆ ಮಾಡ್ತು. ಮೆನೋಪಾಸ್‌ಗೆ ಕೊಡೋ ಹಾರ್ಮೋನ್ ಔಷಧಿಗಳ ಜೊತೆ ಬರೋ ಚೀಟಿಯಲ್ಲಿ ಕಪ್ಪು ಚೌಕಟ್ಟು ಹಾಕಿ ದೊಡ್ಡದಾಗಿ ಒಂದು ಎಚ್ಚರಿಕೆ ಇರ್ತಿತ್ತು, ಹೃದಯದ ಕಾಯಿಲೆ ಬರಬಹುದು, ಸ್ತನ ಕ್ಯಾನ್ಸರ್ ಬರಬಹುದು, ಮರೆವಿನ ಕಾಯಿಲೆ ಬರಬಹುದು ಅಂತ. ಅದನ್ನ ತೆಗೆಸ್ತೀವಿ ಅಂತ ಹೇಳಿದ್ರು. 2003ರಿಂದ ಇದ್ದ ಎಚ್ಚರಿಕೆ ಅದು. ಸುದ್ದಿ ಬಂದಿದ್ದೇ ತಡ, ಎರಡು ಥರದ ಮಾತು ಶುರುವಾಯ್ತು. "ಇಷ್ಟು ವರ್ಷ ಸುಮ್ಮನೆ ಹೆದರಿಸಿದ್ರಾ ಹಾಗಾದ್ರೆ?" ಅಂತ ಕೆಲವರು, "ಕಂಪನಿಗಳ ಆಟ ಇದೆಲ್ಲ, ನಾನಂತೂ ಮುಟ್ಟಲ್ಲ" ಅಂತ ಇನ್ನು ಕೆಲವರು.

ಎರಡೂ ಪೂರ್ತಿ ಸರಿ ಅಲ್ಲ. ಹಾರ್ಮೋನ್ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ರೆ ಉತ್ತರನೇ ಸಿಗಲ್ಲ, ಯಾಕಂದ್ರೆ ಯಾರಿಗೆ, ಯಾವ ವಯಸ್ಸಲ್ಲಿ, ಯಾವ ಹಾರ್ಮೋನ್, ಯಾವ ದಾರಿಯಲ್ಲಿ ದೇಹಕ್ಕೆ ಹೋಗುತ್ತೆ ಅನ್ನೋದರ ಮೇಲೆ ಉತ್ತರ ಬದಲಾಗ್ತಾ ಹೋಗುತ್ತೆ. ಇದನ್ನ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು, ಒಳಗೆ ಏನಾಗ್ತಿರುತ್ತೆ

ಮುಟ್ಟು ನಿಂತು ಪೂರ್ತಿ 12 ತಿಂಗಳು ಆದ್ಮೇಲೆ ಡಾಕ್ಟರುಗಳು ಅದನ್ನ ಮೆನೋಪಾಸ್ ಅಂತಾರೆ. ಅಂದ್ರೆ ಕೊನೇ ಮುಟ್ಟು ಯಾವುದು ಅಂತ ಗೊತ್ತಾಗೋದೇ ಒಂದು ವರ್ಷ ಆದ್ಮೇಲೆ. ಹೆಚ್ಚಿನವರಿಗೆ ಇದು 45ರಿಂದ 55ರ ಒಳಗೆ ಆಗುತ್ತೆ. ಆದ್ರೆ ತೊಂದರೆ ಶುರುವಾಗೋಕೆ ಇದು ಕಾಯಲ್ಲ, ಅದಕ್ಕೆ ಕೆಲವು ವರ್ಷ ಮುಂಚೆನೇ ಅಂಡಾಶಯಗಳು ಕೆಲಸ ಮಾಡೋದರಲ್ಲಿ ಏರುಪೇರಾಗುತ್ತೆ, ಒಂದು ತಿಂಗಳು ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಮಾಮೂಲಿಗಿಂತ ಜಾಸ್ತಿ, ಇನ್ನೊಂದು ತಿಂಗಳು ತೀರಾ ಕಮ್ಮಿ, ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ ಒಮ್ಮೆ ಎರಡು ತಿಂಗಳಿಗೆ. ಈ ಕಾಲಕ್ಕೆ ಪೆರಿಮೆನೋಪಾಸ್ ಅಂತಾರೆ. ತುಂಬಾ ಜನಕ್ಕೆ ಅತೀ ಕಷ್ಟ ಆಗೋದು ಈ ಹಂತದಲ್ಲೇ, ಮತ್ತೆ "ನಿಮಗಿನ್ನೂ ಮುಟ್ಟು ಬರ್ತಿದೆಯಲ್ಲ, ಮೆನೋಪಾಸ್ ಹೇಗಾಗುತ್ತೆ" ಅಂತ ಅನ್ನಿಸಿಕೊಂಡು ವಾಪಸ್ ಬರೋದೂ ಈ ಹಂತದಲ್ಲೇ.

ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗಲ್ವಾ ಅಂತ ಕೇಳ್ತಾರೆ. 45 ದಾಟಿದವರಲ್ಲಿ, ಲಕ್ಷಣಗಳು ಸರಿಯಾಗಿ ಹೊಂದ್ತಿದ್ರೆ, ಹಾರ್ಮೋನ್ ಪರೀಕ್ಷೆ ಬೇಕಿಲ್ಲ. ಈ ಮಟ್ಟಗಳು ವಾರದಿಂದ ವಾರಕ್ಕೆ ಏರಿ ಇಳೀತಿರುತ್ತೆ, ಇವತ್ತು ಬಂದ ನಂಬರ್ ಮುಂದಿನ ವಾರ ಇರಲ್ಲ. ಥೈರಾಯ್ಡ್ ನೋಡಿಸೋದು ಬೇರೆ ವಿಷಯ, ಅದರ ಲಕ್ಷಣಗಳು ಇದರ ಥರಾನೇ ಇರೋದ್ರಿಂದ ಡಾಕ್ಟರ್ ಬರೆದುಕೊಟ್ರೆ ಮಾಡಿಸಿ.

ಬಿಸಿ ಏರೋದು, ಬೆವರೋದು

ಹಾರ್ಮೋನ್ ತಗೊಳ್ಳೋ ಯೋಚನೆ ಬರೋಕೆ ಮುಖ್ಯ ಕಾರಣ ಹಾಟ್ ಫ್ಲಾಶ್. ಮೀಟಿಂಗ್‌ನಲ್ಲಿ ಕೂತಿರ್ತೀರಿ, ಎದೆ ಹತ್ರ ಎಲ್ಲೋ ಬಿಸಿ ಶುರುವಾಗಿ ಕುತ್ತಿಗೆಗೆ, ಮುಖಕ್ಕೆ ಏರುತ್ತೆ, ಕಿವಿ ಕೆಂಪಾಗುತ್ತೆ, ಎದೆ ಡವಡವ, ಮೇಲ್ತುಟಿ ಮೇಲೆ ಹಣೆ ಮೇಲೆ ಬೆವರು ಹನಿ, ಎರಡು ಮೂರು ನಿಮಿಷ ಆದ್ಮೇಲೆ ಬಟ್ಟೆ ಒದ್ದೆ ಆಗಿ ಚಳಿ. ಇದೇ ರಾತ್ರಿ ಆದ್ರೆ ಹೊದಿಕೆ ಒದ್ದು ಏಳ್ತೀರಿ, ನೈಟಿ ಬದಲಾಯಿಸ್ತೀರಿ, ಮತ್ತೆ ನಿದ್ದೆ ಹತ್ತೋ ಹೊತ್ತಿಗೆ ಇನ್ನೊಂದು ಸಲ. ಹೀಗೆ ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಸಿಟ್ಟು, ಮರೆವು, ಅಳು ಬರೋದು ಬರದೇ ಇನ್ನೇನಾಗುತ್ತೆ.

ಇದು ಯಾಕಾಗುತ್ತೆ ಅನ್ನೋದು ಈಗ ಸಾಕಷ್ಟು ಗೊತ್ತಾಗಿದೆ. ಮೆದುಳಿನ ಹೈಪೋಥಲಾಮಸ್ ಅನ್ನೋ ಭಾಗ ದೇಹದ ಶಾಖ ಕಾಯ್ದುಕೊಳ್ಳುತ್ತೆ. ಅಲ್ಲಿರೋ ಕೆಲವು ನರಕೋಶಗಳನ್ನ ಈಸ್ಟ್ರೋಜೆನ್ ಹಿಡಿತದಲ್ಲಿ ಇಟ್ಟಿರುತ್ತೆ, ಅದು ಕಮ್ಮಿ ಆದಾಗ ಆ ಕೋಶಗಳು ಕೆರಳುತ್ತೆ. ಮಾಮೂಲಿಯಾಗಿ ದೇಹದ ಶಾಖ ಸ್ವಲ್ಪ ಮೇಲೆ ಕೆಳಗೆ ಆದ್ರೂ ಮೆದುಳು ತಲೆ ಕೆಡಿಸಿಕೊಳ್ಳಲ್ಲ, ಆದ್ರೆ ಈಗ ಆ ಸಹಿಸಿಕೊಳ್ಳೋ ಅಂತರನೇ ಕಿರಿದಾಗಿಬಿಡುತ್ತೆ, ಹಾಗಾಗಿ ತೀರಾ ಚಿಕ್ಕ ಏರಿಕೆಗೂ "ಮೈ ಕಾದುಹೋಗಿದೆ" ಅಂತ ತಿಳಕೊಂಡು ರಕ್ತನಾಳ ಹಿಗ್ಗಿಸಿ ಬೆವರು ಸುರಿಸುತ್ತೆ.

ನಾಲ್ಕು ಜನರಲ್ಲಿ ಮೂರು ಜನಕ್ಕೆ ಇದು ಒಂದಲ್ಲ ಒಂದು ಮಟ್ಟದಲ್ಲಿ ಬರುತ್ತೆ. ಎಷ್ಟು ದಿನ ಇರುತ್ತೆ? "ಒಂದೆರಡು ವರ್ಷ ತಡ್ಕೊಳ್ಳಿ" ಅನ್ನೋದು ಹಳೇ ಮಾತು. ಅಮೆರಿಕದಲ್ಲಿ ವರ್ಷಗಟ್ಟಲೆ ಹೆಂಗಸರನ್ನ ಹಿಂಬಾಲಿಸಿ ನೋಡಿದ ಸ್ವಾನ್ ಅನ್ನೋ ಅಧ್ಯಯನದಲ್ಲಿ ಅರ್ಧದಷ್ಟು ಜನಕ್ಕೆ 7 ವರ್ಷಕ್ಕೂ ಹೆಚ್ಚು ಕಾಲ ಇತ್ತು. ಬೇಗ ಶುರುವಾದವರಿಗೆ ಇನ್ನೂ ಜಾಸ್ತಿ.

ಇನ್ನೊಂದು ತೊಂದರೆ ಇದೆ, ಯಾರೂ ಬಾಯಿಬಿಟ್ಟು ಹೇಳಲ್ಲ. ಯೋನಿ ಒಣಗೋದು, ಉರಿ, ಸಂಭೋಗ ಮಾಡುವಾಗ ನೋವು, ಪದೇ ಪದೇ ಮೂತ್ರಕ್ಕೆ ಹೋಗೋದು, ಮೂತ್ರದ ಇನ್ಫೆಕ್ಷನ್. ಹಾಟ್ ಫ್ಲಾಶ್ ಕಾಲ ಕಳೆದಂತೆ ತಾನಾಗೇ ಕಮ್ಮಿ ಆಗುತ್ತೆ, ಆದ್ರೆ ಇದು ಹಾಗಲ್ಲ, ಸುಮ್ಮನೆ ಬಿಟ್ರೆ ಸಾಮಾನ್ಯವಾಗಿ ಜಾಸ್ತಿನೇ ಆಗ್ತಾ ಹೋಗುತ್ತೆ. ಮೂಳೆ ಸವೆಯೋದೂ ಈ ವರ್ಷಗಳಲ್ಲೇ ಜೋರಾಗುತ್ತೆ, ಆದ್ರೆ ಅದು ನೋವಿಲ್ಲದೆ ಆಗೋದ್ರಿಂದ ಮುರಿಯೋ ತನಕ ಗೊತ್ತೇ ಆಗಲ್ಲ.

ಔಷಧಿಯಲ್ಲಿ ಇರೋದೇನು

ಹಾರ್ಮೋನ್ ಥೆರಪಿ, ಜನ ಹೇಳೋ ಎಚ್‌ಆರ್‌ಟಿ, ಅಂದ್ರೆ ಕಮ್ಮಿ ಆಗಿರೋ ಈಸ್ಟ್ರೋಜೆನ್ನನ್ನ ಹೊರಗಿಂದ ಕೊಡೋದು. ಹಳೇ ಮಟ್ಟಕ್ಕೆ ತಗೊಂಡು ಹೋಗಲ್ಲ, ತೊಂದರೆ ನಿಲ್ಲೋಕೆ ಬೇಕಾದಷ್ಟು ಮಾತ್ರ. ಹಾಟ್ ಫ್ಲಾಶ್‌ಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡೋ ಔಷಧಿ ಇವತ್ತಿಗೂ ಇಲ್ಲ, ಇದರಲ್ಲಿ ಯಾವ ಪಕ್ಷದವರಿಗೂ ತಕರಾರಿಲ್ಲ.

ಈಸ್ಟ್ರೋಜೆನ್ ಒಂದೇ ಕೊಟ್ರೆ ಸಾಲಲ್ವಾ? ಗರ್ಭಕೋಶ ಇರೋವರಿಗೆ ಸಾಲಲ್ಲ. ಈಸ್ಟ್ರೋಜೆನ್ ಗರ್ಭಕೋಶದ ಒಳಪದರಕ್ಕೆ ಗೊಬ್ಬರ ಇದ್ದಂಗೆ, ಹಾಕ್ತಾನೇ ಇದ್ರೆ ಹುಲ್ಲು ಬೆಳೀತಾನೇ ಹೋಗುತ್ತೆ, ಕತ್ತರಿಸೋರು ಒಬ್ರು ಬೇಕು, ಆ ಕೆಲಸ ಮಾಡೋದು ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್. 1970ರ ದಶಕದಲ್ಲಿ ಇದನ್ನ ಕಷ್ಟಪಟ್ಟು ಕಲಿತರು. ಆಗ ಈಸ್ಟ್ರೋಜೆನ್ ಒಂದನ್ನೇ ಕೊಡ್ತಿದ್ರು, 1975ರಲ್ಲಿ ಬಂದ ಅಧ್ಯಯನಗಳು ಇದರಿಂದ ಗರ್ಭಕೋಶದ ಒಳಪದರದ ಕ್ಯಾನ್ಸರ್ ಜಾಸ್ತಿ ಆಗ್ತಿದೆ ಅಂತ ತೋರಿಸಿದವು. ಅವತ್ತಿಂದ ನಿಯಮ ಬದಲಾಗಿಲ್ಲ, ಗರ್ಭಕೋಶ ಇದ್ರೆ ಎರಡೂ ಸೇರಿಸಿ, ಆಪರೇಷನ್ ಮಾಡಿ ತೆಗೆಸಿದ್ರೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ. ಎಫ್‌ಡಿಎ ಕೂಡ ಎಲ್ಲ ಎಚ್ಚರಿಕೆ ತೆಗೆಸಿಲ್ಲ ಅನ್ನೋದು ಸುದ್ದಿ ಗಲಾಟೆಯಲ್ಲಿ ಕಳೆದುಹೋಯ್ತು, ಇಡೀ ದೇಹಕ್ಕೆ ಹೋಗೋ ಈಸ್ಟ್ರೋಜೆನ್ ಒಂದನ್ನೇ ತಗೊಂಡ್ರೆ ಈ ಕ್ಯಾನ್ಸರ್ ಬರಬಹುದು ಅನ್ನೋ ಎಚ್ಚರಿಕೆಯನ್ನ ಹಾಗೇ ಉಳಿಸಿಕೊಂಡಿದ್ದಾರೆ.

2002ರಲ್ಲಿ ಆಗಿದ್ದೇನು

ಇವತ್ತಿನ ಭಯದ ಬೇರು ಇರೋದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

1990ರ ದಶಕದಲ್ಲಿ ಹಾರ್ಮೋನ್ ತಗೊಂಡ್ರೆ ಹೃದಯ ಗಟ್ಟಿಯಾಗಿರುತ್ತೆ ಅಂತ ಡಾಕ್ಟರುಗಳು ನಂಬಿದ್ರು. ತಗೊಂಡವರನ್ನ ತಗೊಳ್ಳದವರ ಜೊತೆ ಹೋಲಿಸಿದಾಗ ಹಾಗೇ ಕಾಣ್ತಿತ್ತು ಕೂಡ. ಆದ್ರೆ ಹಾರ್ಮೋನ್ ತಗೊಳ್ತಿದ್ದವರು ಮೊದಲೇ ದುಡ್ಡಿರೋರು, ಡಾಕ್ಟರ್ ಹತ್ರ ಹೋಗೋರು, ಆರೋಗ್ಯ ನೋಡಿಕೊಳ್ಳೋರು ಆಗಿದ್ರೆ? ಅದನ್ನ ಸರಿಯಾಗಿ ಪರೀಕ್ಷೆ ಮಾಡೋಕೆ ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನೋ ದೊಡ್ಡ ಪ್ರಯೋಗ ಶುರುವಾಯ್ತು. ಗರ್ಭಕೋಶ ಇದ್ದ 16,608 ಹೆಂಗಸರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದು ಗುಂಪಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್‌ನ ಕೃತಕ ರೂಪ) ಸೇರಿದ ಮಾತ್ರೆ, ಇನ್ನೊಂದಕ್ಕೆ ಏನೂ ಇಲ್ಲದ ಖಾಲಿ ಮಾತ್ರೆ ಕೊಟ್ರು.

2002ರ ಜುಲೈನಲ್ಲಿ, ಸರಾಸರಿ 5.2 ವರ್ಷ ಆದಾಗ, ಅವಧಿಗೆ ಮುಂಚೆನೇ ನಿಲ್ಲಿಸಿಬಿಟ್ರು. ಸ್ತನ ಕ್ಯಾನ್ಸರ್ 26% ಜಾಸ್ತಿ ಅಂತ ಪ್ರಪಂಚದ ಎಲ್ಲ ಪೇಪರ್‌ನಲ್ಲೂ ಬಂತು. ಹೆಂಗಸರು ರಾತ್ರೋರಾತ್ರಿ ಮಾತ್ರೆ ಎಸೆದ್ರು, ಡಾಕ್ಟರುಗಳು ಬರೆಯೋದೇ ಬಿಟ್ರು.

ಆ 26% ಅನ್ನೋದನ್ನ ಬಿಡಿಸಿದ್ರೆ ಹೀಗಿದೆ. ಖಾಲಿ ಮಾತ್ರೆ ತಗೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 30 ಜನಕ್ಕೆ ಸ್ತನ ಕ್ಯಾನ್ಸರ್ ಬಂತು, ಹಾರ್ಮೋನ್ ತಗೊಂಡ 10,000 ಜನರಲ್ಲಿ 38 ಜನಕ್ಕೆ. ಹೆಚ್ಚಾಗಿದ್ದು 8. ಎರಡೂ ಲೆಕ್ಕ ಸರಿನೇ, 30ರಿಂದ 38ಕ್ಕೆ ಹೋದ್ರೆ ಸುಮಾರು ಕಾಲು ಭಾಗ ಏರಿದ ಹಾಗೆ, ಆದ್ರೆ 26% ಅಂತ ಓದಿದವರಲ್ಲಿ ತುಂಬಾ ಜನ ನೂರಕ್ಕೆ 26 ಜನಕ್ಕೆ ಕ್ಯಾನ್ಸರ್ ಅಂತ ತಿಳಕೊಂಡ್ರು. ಅದೇ ರೀತಿ ವರ್ಷಕ್ಕೆ 10,000ಕ್ಕೆ ಸ್ಟ್ರೋಕ್ 8 ಜಾಸ್ತಿ, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗೋದು 8 ಜಾಸ್ತಿ, ಹೃದಯದ ತೊಂದರೆ 7 ಜಾಸ್ತಿ. ಇನ್ನೊಂದು ಕಡೆ ಕರುಳಿನ ಕ್ಯಾನ್ಸರ್ 6 ಕಮ್ಮಿ, ಸೊಂಟದ ಮೂಳೆ ಮುರಿಯೋದು 5 ಕಮ್ಮಿ. ಈ ಕಮ್ಮಿ ಆಗಿದ್ದರ ಬಗ್ಗೆ ಯಾರೂ ದೊಡ್ಡ ಅಕ್ಷರದಲ್ಲಿ ಬರೀಲಿಲ್ಲ ಬಿಡಿ.

ಗರ್ಭಕೋಶ ತೆಗೆಸಿದ್ದ 10,739 ಹೆಂಗಸರ ಇನ್ನೊಂದು ಗುಂಪೂ ಇತ್ತು, ಅವರಲ್ಲಿ ಸುಮಾರು ಅರ್ಧ ಜನಕ್ಕೆ ಈಸ್ಟ್ರೋಜೆನ್ ಮಾತ್ರ, ಉಳಿದವರಿಗೆ ಖಾಲಿ ಮಾತ್ರೆ. ಅದು 2004ರಲ್ಲಿ ನಿಂತಿದ್ದು ಸ್ಟ್ರೋಕ್ ಜಾಸ್ತಿ ಆಗಿದ್ದಕ್ಕೆ. ಸ್ತನ ಕ್ಯಾನ್ಸರ್ ಈಸ್ಟ್ರೋಜೆನ್ ತಗೊಂಡವರಲ್ಲಿ ಜಾಸ್ತಿ ಆಗೋದಿರಲಿ, ಮುಂದೆ ವರ್ಷಗಟ್ಟಲೆ ನೋಡಿದಾಗ ಕಮ್ಮಿನೇ ಇತ್ತು. ಅಂದ್ರೆ ಸ್ತನದ ವಿಷಯದಲ್ಲಿ ಅನುಮಾನ ಹೆಚ್ಚಾಗಿ ಬಿದ್ದಿದ್ದು ಜೊತೆಗೆ ಕೊಟ್ಟ ಪ್ರೊಜೆಸ್ಟಿನ್ ಮೇಲೆ. 2017ರಲ್ಲಿ 18 ವರ್ಷದ ಲೆಕ್ಕ ಹೊರಗೆ ಬಂದಾಗ ಎರಡೂ ಪ್ರಯೋಗಗಳಲ್ಲಿ ಹಾರ್ಮೋನ್ ತಗೊಂಡವರಿಗೂ ಖಾಲಿ ಮಾತ್ರೆ ತಗೊಂಡವರಿಗೂ ಒಟ್ಟು ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ.

ವಯಸ್ಸಿನ ಪ್ರಶ್ನೆ

ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು. ಪ್ರಯೋಗ ಮಾಡಿದ್ದು ಹಾಟ್ ಫ್ಲಾಶ್ ಕಮ್ಮಿ ಆಗುತ್ತಾ ಅಂತ ನೋಡೋಕೆ ಅಲ್ಲ, ಮುಂದೆ ಬರೋ ಕಾಯಿಲೆ ತಡೆಯುತ್ತಾ ಅಂತ ನೋಡೋಕೆ, ಹಾಗಾಗಿ ಅವರು ಆರಿಸಿಕೊಂಡಿದ್ದರಲ್ಲಿ ತಪ್ಪೇನಿಲ್ಲ. ತಪ್ಪಾಗಿದ್ದು 63ರವರ ಉತ್ತರವನ್ನ 49ರವರಿಗೆ ಹಚ್ಚಿದ್ದು.

ಆಮೇಲೆ 50ರಿಂದ 59ರ ವಯಸ್ಸಿನವರನ್ನ ಬೇರೆ ಮಾಡಿ ನೋಡಿದಾಗ ಚಿತ್ರ ಬೇರೆನೇ ಇತ್ತು, ಅಪಾಯದ ಸಂಖ್ಯೆಗಳು ಚಿಕ್ಕದಾದವು, ಈಸ್ಟ್ರೋಜೆನ್ ಒಂದೇ ತಗೊಂಡ ಆ ವಯಸ್ಸಿನವರಲ್ಲಿ ಹಾರ್ಟ್ ಅಟ್ಯಾಕ್ ಕಮ್ಮಿನೇ ಕಾಣ್ತು. ಕಾರಣ ಹೀಗಿರಬಹುದು ಅಂತ ಹೇಳ್ತಾರೆ: ರಕ್ತನಾಳಗಳು ಇನ್ನೂ ಚೆನ್ನಾಗಿರೋವಾಗ ಈಸ್ಟ್ರೋಜೆನ್ ಅವುಗಳಿಗೆ ಒಳ್ಳೇದು ಮಾಡುತ್ತೆ, ಆದ್ರೆ ಒಳಗೆ ಕೊಬ್ಬು ಕಟ್ಟಿಕೊಂಡ ಮೇಲೆ ಹೊಸದಾಗಿ ಶುರು ಮಾಡಿದ್ರೆ ಅದೇ ಹಾರ್ಮೋನ್ ಆ ಗಂಟನ್ನ ಅಲುಗಾಡಿಸಿ ಗಡ್ಡೆ ಕಟ್ಟೋಕೆ ದಾರಿ ಮಾಡುತ್ತೆ. ಮರೆವಿನ ಕಾಯಿಲೆ ಜಾಸ್ತಿ ಕಂಡಿದ್ದೂ 65 ದಾಟಿ ಶುರು ಮಾಡಿದವರಲ್ಲಿ.

ಹಾಗಾಗಿ ಈಗ ಹೆಚ್ಚಿನ ಮಾರ್ಗಸೂಚಿಗಳು ಹೇಳೋದು, 60 ವರ್ಷದ ಒಳಗೆ ಅಥವಾ ಕೊನೇ ಮುಟ್ಟು ಆಗಿ 10 ವರ್ಷದ ಒಳಗೆ ಶುರು ಮಾಡಿದ್ರೆ, ತೊಂದರೆ ಕೊಡೋ ಲಕ್ಷಣ ಇದ್ದು ಬೇರೆ ಅಡ್ಡಿ ಇಲ್ಲದವರಿಗೆ, ಸಾಮಾನ್ಯವಾಗಿ ಲಾಭನೇ ಜಾಸ್ತಿ. ಅದಾದ್ಮೇಲೆ ಹೊಸದಾಗಿ ಶುರು ಮಾಡೋದಾದ್ರೆ ತುಂಬಾ ಯೋಚನೆ ಮಾಡಬೇಕು. ಲಕ್ಷಣನೇ ಇಲ್ಲದವರು ಹೃದಯ ಚೆನ್ನಾಗಿರಲಿ, ಮೆದುಳು ಚುರುಕಾಗಿರಲಿ ಅಂತ ತಗೊಳ್ಳೋದಕ್ಕೆ ಈಗಲೂ ಮಾರ್ಗಸೂಚಿಗಳ ಬೆಂಬಲ ಇಲ್ಲ. ಎಚ್ಚರಿಕೆ ತೆಗೆದ ಸುದ್ದಿ ಬಂದ್ಮೇಲೆ ಈ ಥರ ಮಾರಾಟದ ಮಾತು ಜಾಸ್ತಿ ಆಗಿರೋದ್ರಿಂದ ಇದನ್ನ ಒತ್ತಿ ಹೇಳ್ತಿದೀನಿ.

ಸ್ತನ ಕ್ಯಾನ್ಸರ್ ಲೆಕ್ಕ, ಇನ್ನೊಂದು ಸಲ

ಹಾಗಾದ್ರೆ 50ರಲ್ಲಿ ಶುರು ಮಾಡಿದವರಿಗೆ ಭಯ ಇಲ್ವಾ? ಇದೆ, ಇಲ್ಲ ಅನ್ನೋದು ತಪ್ಪು. 2019ರಲ್ಲಿ ಪ್ರಪಂಚದ 58 ಅಧ್ಯಯನಗಳನ್ನ ಸೇರಿಸಿ ಲೆಕ್ಕ ಹಾಕಿದ್ದು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಾರ್ಮೋನ್ ತಗೊಳ್ಳದವರಲ್ಲಿ 50ರಿಂದ 69ರ ಒಳಗೆ ಸ್ತನ ಕ್ಯಾನ್ಸರ್ ಬರೋದು 100ಕ್ಕೆ ಸುಮಾರು 6.3 ಜನಕ್ಕೆ. 50ರಲ್ಲಿ ಶುರು ಮಾಡಿ 5 ವರ್ಷ ದಿನಾ ಎರಡೂ ಹಾರ್ಮೋನ್ ತಗೊಂಡವರಲ್ಲಿ ಅದು 8.3. ಅಂದ್ರೆ ಹೀಗೆ ತಗೊಂಡ 50 ಜನರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಬರುತ್ತೆ. ಈಸ್ಟ್ರೋಜೆನ್ ಒಂದೇ ಆದ್ರೆ 200ಕ್ಕೆ ಒಬ್ಬರು. ಎಷ್ಟು ವರ್ಷ ಜಾಸ್ತಿ ತಗೊಳ್ತೀರೋ ಅಷ್ಟು ಏರುತ್ತೆ, ನಿಲ್ಲಿಸಿದ ಮೇಲೂ ಸ್ವಲ್ಪ ಅಪಾಯ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಬಹುದು.

ಈಸ್ಟ್ರೋಜೆನ್ ಒಂದರ ವಿಷಯದಲ್ಲಿ ಮೇಲೆ ಕಮ್ಮಿ ಅಂದ್ರಿ, ಇಲ್ಲಿ ಜಾಸ್ತಿ ಅಂತೀರಿ ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಅಮೆರಿಕದ್ದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ, ಇದು ಹೆಚ್ಚಾಗಿ ತಾವಾಗೇ ತಗೊಂಡವರನ್ನ ಗಮನಿಸಿದ ಲೆಕ್ಕ, ಎರಡರ ಉತ್ತರ ಪೂರ್ತಿ ಕೂಡಲ್ಲ. ತಜ್ಞರ ಜಗಳ ಇನ್ನೂ ಮುಗಿದಿಲ್ಲ. ಎರಡೂ ಒಪ್ಪೋ ಮಾತು ಒಂದೇ, ಒಂದೇ ಹಾರ್ಮೋನ್‌ಗಿಂತ ಎರಡೂ ಸೇರಿದ್ದರಲ್ಲಿ ಅಪಾಯ ಜಾಸ್ತಿ.

50ರಲ್ಲಿ ಒಬ್ಬರು ಅನ್ನೋದನ್ನ ಒಬ್ಬೊಬ್ಬರು ಒಂದೊಂದು ಥರ ಕೇಳಿಸಿಕೊಳ್ತಾರೆ. ರಾತ್ರಿ ನಾಲ್ಕು ಸಲ ಏಳೋರಿಗೆ "49 ಜನಕ್ಕೆ ಹೆಚ್ಚುವರಿಯಾಗಿ ಏನೂ ಆಗಲ್ವಲ್ಲ" ಅನ್ನಿಸುತ್ತೆ. ಅಮ್ಮನ ಕೀಮೋ ನೋಡಿದವರಿಗೆ ಆ ಒಬ್ಬಳು ನಾನೇ ಆದ್ರೆ ಅನ್ನಿಸುತ್ತೆ. ಇಬ್ಬರೂ ಲೆಕ್ಕ ತಪ್ಪಾಗಿ ಓದಿಲ್ಲ.

ಮಾತ್ರೆನಾ, ಪ್ಯಾಚಾ, ಜೆಲ್ಲಾ

ಮಾತ್ರೆ ನುಂಗಿದ್ರೆ ಅದು ಕರುಳಿಂದ ನೇರ ಲಿವರ್‌ಗೆ ಹೋಗುತ್ತೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನುಗಳು ಜಾಸ್ತಿ ತಯಾರಾಗುತ್ತೆ, ಕಾಲಿನಲ್ಲಿ ಶ್ವಾಸಕೋಶದಲ್ಲಿ ಗಡ್ಡೆ ಕಟ್ಟೋ ಅಪಾಯ ಬರೋದು ಅಲ್ಲಿಂದ. ಚರ್ಮದ ಮೂಲಕ ಹೋಗೋ ಪ್ಯಾಚ್ ಅಥವಾ ಜೆಲ್ ಹಾಕಿದ್ರೆ ಹಾರ್ಮೋನ್ ಮೊದಲು ಲಿವರ್ ಸುತ್ತು ಹಾಕದೆ ರಕ್ತಕ್ಕೆ ಸೇರುತ್ತೆ, ಮಾಮೂಲಿ ಡೋಸ್‌ನಲ್ಲಿ ಗಡ್ಡೆಯ ಅಪಾಯ ಹೆಚ್ಚಾಗಿದ್ದು ಇದುವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ. ತೂಕ ಜಾಸ್ತಿ ಇರೋರು, ಬಿಪಿ ಇರೋರು, ಕಣ್ಣಿಗೆ ಮಿಂಚು ಬಂದು ಆಮೇಲೆ ತಲೆನೋವು ಬರೋ ಥರದ ಮೈಗ್ರೇನ್ ಇರೋರಿಗೆ ಡಾಕ್ಟರುಗಳು ಪ್ಯಾಚ್ ಕಡೆಗೆ ಒಲಿಯೋದು ಇದಕ್ಕೆ.

ಪ್ಯಾಚ್ ಅಂದ್ರೆ ಬ್ಯಾಂಡೇಜ್ ಪಟ್ಟಿಯ ಥರದ್ದು. ಸೊಂಟದ ಕೆಳಗೆ ಅಥವಾ ಪಿರ್ರೆ ಮೇಲೆ, ಎಣ್ಣೆ ಕ್ರೀಮ್ ಇಲ್ಲದ ಒಣ ಚರ್ಮದ ಮೇಲೆ ಒತ್ತಿ ಅಂಟಿಸಬೇಕು, ವಾರಕ್ಕೆ ಒಂದೋ ಎರಡೋ ಸಲ ಬದಲಾಯಿಸಬೇಕು, ಪ್ರತಿ ಸಲ ಜಾಗ ಬೇರೆ. ಎದೆ ಮೇಲೆ ಅಂಟಿಸಬಾರದು. ಜೆಲ್ ಆದ್ರೆ ದಿನಾ ತೋಳಿಗೋ ತೊಡೆಗೋ ಹಚ್ಚಿ ಒಣಗೋಕೆ ಬಿಡಬೇಕು, ಹಚ್ಚಿದ ಜಾಗ ಮಕ್ಕಳ ಮೈಗೆ ತಾಗದ ಹಾಗೆ ನೋಡ್ಕೋಬೇಕು.

ಪ್ರೊಜೆಸ್ಟರಾನ್ ವಿಷಯದಲ್ಲೂ ಆಯ್ಕೆ ಇದೆ. ಆ 2002ರ ಪ್ರಯೋಗದಲ್ಲಿ ಇದ್ದದ್ದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಅನ್ನೋ ಕೃತಕ ರೂಪ. ಈಗ ದೇಹದ್ದೇ ರೂಪದ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಸಿಗುತ್ತೆ, ಫ್ರಾನ್ಸಿನ ದೊಡ್ಡ ಅಧ್ಯಯನದಲ್ಲಿ ಇದರ ಜೊತೆ ಸ್ತನ ಕ್ಯಾನ್ಸರ್ ಅಪಾಯ ಕಮ್ಮಿ ಕಂಡಿತ್ತು. ತೂಕಡಿಕೆ ಬರಿಸೋದ್ರಿಂದ ರಾತ್ರಿ ಮಲಗುವಾಗ ತಗೊಳ್ಳೋಕೆ ಹೇಳ್ತಾರೆ, ನಿದ್ದೆ ಇಲ್ಲದವರಿಗೆ ಅದೂ ಒಂದು ಅನುಕೂಲನೇ. ಹಾರ್ಮೋನ್ ಬಿಡೋ ಕಾಯಿಲ್ (ಕಾಪರ್-ಟಿ ಥರದ, ಗರ್ಭ ತಡೆಯೋ ಸಾಧನ) ಗರ್ಭಕೋಶದಲ್ಲಿ ಹಾಕಿಸಿಕೊಂಡಿದ್ರೆ ಅದೂ ಒಳಪದರ ಕಾಯುತ್ತೆ.

ಯೋನಿ ಒಣಗೋದು, ಮೂತ್ರದ ತೊಂದರೆ ಇಷ್ಟೇ ಇದ್ರೆ ಇಡೀ ದೇಹಕ್ಕೆ ಹಾರ್ಮೋನ್ ಬೇಡವೇ ಬೇಡ. ಅಲ್ಲಿಗೇ ಹಚ್ಚೋ ಈಸ್ಟ್ರೋಜೆನ್ ಕ್ರೀಮ್, ಅಲ್ಲೇ ಇಡೋ ಚಿಕ್ಕ ಮಾತ್ರೆ ಇದೆ. ರಕ್ತಕ್ಕೆ ಸೇರೋದು ತೀರಾ ಕಮ್ಮಿ, ಜೊತೆಗೆ ಪ್ರೊಜೆಸ್ಟರಾನ್ ಬೇಕಿಲ್ಲ, ವರ್ಷಗಟ್ಟಲೆ ಬಳಸಬಹುದು. ಇಷ್ಟು ದಿನ ಇದರ ಚೀಟಿ ಮೇಲೂ ಅದೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಇತ್ತು, ಅದನ್ನ ಓದಿ ಹೆದರಿ ಟ್ಯೂಬ್ ಕಪಾಟಿನಲ್ಲೇ ಇಟ್ಟವರು ಎಷ್ಟೋ ಜನ. ನನ್ನ ಪ್ರಕಾರ ಎಫ್‌ಡಿಎ ಬದಲಾವಣೆಯಲ್ಲಿ ಎಲ್ಲಕ್ಕಿಂತ ಉಪಯೋಗ ಆಗೋದು ಇಲ್ಲೇ.

"ನ್ಯಾಚುರಲ್", "ನಿಮಗೇ ಅಂತ ತಯಾರಿಸಿದ್ದು" ಅಂತ ಹೇಳಿ ಮಿಶ್ರಣ ಮಾಡಿಕೊಡೋ ಹಾರ್ಮೋನ್‌ಗಳು, ಚರ್ಮದ ಕೆಳಗೆ ಇಡೋ ಗುಳಿಗೆಗಳು ಇವೆಯಲ್ಲ, ಅವುಗಳ ಡೋಸ್ ಸರಿ ಇದೆಯಾ ಅಂತ ಮಂಜೂರಾದ ಔಷಧಿಗಳ ಥರ ಪರೀಕ್ಷೆ ಆಗಿರಲ್ಲ. ಮಂಜೂರಾದ ಪ್ಯಾಚ್‌ನಲ್ಲೂ ದೇಹದ್ದೇ ರೂಪದ ಈಸ್ಟ್ರೋಜೆನ್ ಇರೋವಾಗ ಅದರ ಹಿಂದೆ ಯಾಕೆ ಹೋಗಬೇಕೋ.

ಯಾರಿಗೆ ಬೇಡ, ಯಾರಿಗೆ ಬೇಕೇ ಬೇಕು

ಸ್ತನ ಕ್ಯಾನ್ಸರ್ ಆಗಿದ್ದವರು, ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರು, ಕಾಲಿನಲ್ಲಿ ಶ್ವಾಸಕೋಶದಲ್ಲಿ ಗಡ್ಡೆ ಕಟ್ಟಿದ್ದವರು, ಲಿವರ್ ಕಾಯಿಲೆ ಈಗ ಜೋರಾಗಿರೋರು, ಇವರಿಗೆ ಸಾಮಾನ್ಯವಾಗಿ ಇಡೀ ದೇಹಕ್ಕೆ ಹೋಗೋ ಹಾರ್ಮೋನ್ ಕೊಡಲ್ಲ. ಕಾರಣ ಗೊತ್ತಿಲ್ಲದೆ ರಕ್ತಸ್ರಾವ ಆಗ್ತಿದ್ರೆ ಮೊದಲು ಅದು ಏನು ಅಂತ ನೋಡಬೇಕು, ಆಮೇಲೆ ಮಿಕ್ಕಿದ್ದು.

ಇದಕ್ಕೆ ಪೂರ್ತಿ ಉಲ್ಟಾ ಇರೋರೂ ಇದ್ದಾರೆ. 40ರ ಒಳಗೇ ಮುಟ್ಟು ನಿಂತವರು, ಅಥವಾ ಚಿಕ್ಕ ವಯಸ್ಸಲ್ಲೇ ಎರಡೂ ಅಂಡಾಶಯ ತೆಗೆಸಿಕೊಂಡವರು. ಇವರ ದೇಹಕ್ಕೆ ಇನ್ನೂ ಹತ್ತು ವರ್ಷ ಈಸ್ಟ್ರೋಜೆನ್ ಇರಬೇಕಿತ್ತು, ಅದು ಇಲ್ಲದೇ ಹೋದ್ರೆ ಮೂಳೆಗೂ ಹೃದಯಕ್ಕೂ ಪೆಟ್ಟು. ಅದಕ್ಕೇ ಅಡ್ಡಿ ಏನೂ ಇಲ್ಲದಿದ್ರೆ ಲಕ್ಷಣ ಇರಲಿ ಬಿಡಲಿ, ಮಾಮೂಲಿ ಮೆನೋಪಾಸ್ ವಯಸ್ಸಿನ ತನಕ ತಗೊಳ್ಳಿ ಅಂತಾನೇ ಹೇಳ್ತಾರೆ. 63ರವರ ಪ್ರಯೋಗ ನೋಡಿ 36ರವರು ಹೆದರೋದರಲ್ಲಿ ಅರ್ಥ ಇಲ್ಲ.

ತೀರ್ಮಾನ ಆಗೋದು ಹೇಗೆ

ಇಬ್ಬರನ್ನ ಊಹಿಸಿಕೊಳ್ಳಿ. ಒಬ್ಬರಿಗೆ 49, ಮುಟ್ಟು ನಿಂತು ಒಂದೂವರೆ ವರ್ಷ, ದಿನಕ್ಕೆ ಹತ್ತು ಸಲ ಬೆವರು, ಕೆಲಸ ಬಿಡೋ ಯೋಚನೆ ತನಕ ಬಂದಿದ್ದಾರೆ, ಬಿಪಿ ಮಾಮೂಲಿ, ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ. ಇನ್ನೊಬ್ಬರಿಗೆ 64, ಹಾಟ್ ಫ್ಲಾಶ್ ಎಲ್ಲ ಮುಗಿದು ವರ್ಷಗಳಾಯ್ತು, ಬಿಪಿ ಮಾತ್ರೆ ತಗೊಳ್ತಿದ್ದಾರೆ, ಹಾರ್ಮೋನ್ ತಗೊಂಡ್ರೆ ವಯಸ್ಸಾಗೋದು ನಿಧಾನ ಆಗುತ್ತೆ ಅಂತ ಯಾರೋ ಹೇಳಿದ್ದಾರೆ. ಮೊದಲನೆಯವರಿಗೆ ತಕ್ಕಡಿ ಹಾರ್ಮೋನ್ ಕಡೆ, ಎರಡನೆಯವರಿಗೆ ಬೇಡ ಅನ್ನೋ ಕಡೆ, ಇದರಲ್ಲಿ ಹೆಚ್ಚು ಡಾಕ್ಟರುಗಳು ಜಗಳ ಆಡಲ್ಲ.

ಕಷ್ಟ ಇರೋದು ನಡುವೆ ಇರೋರಿಗೆ. 53 ವರ್ಷ, ತೊಂದರೆ ಇದೆ ಆದ್ರೆ ಹೇಗೋ ನಡೀತಿದೆ, ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಇವರಿಗೆ ಯಾವ ಪುಸ್ತಕದಲ್ಲೂ ಸಿದ್ಧ ಉತ್ತರ ಇಲ್ಲ. ಅಕ್ಕನಿಗೆ ಯಾವ ವಯಸ್ಸಲ್ಲಿ ಬಂತು, ಇನ್ನೂ ಯಾರಿಗಾದ್ರೂ ಬಂದಿತ್ತಾ, ಜೀನ್ ಪರೀಕ್ಷೆ ಆಗಿದೆಯಾ ಅನ್ನೋದೆಲ್ಲ ನೋಡಬೇಕಾಗುತ್ತೆ. ಮನೆಯಲ್ಲಿ ಒಬ್ಬರಿಗೆ ಬಂದಿದೆ ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಲ್ಲ, ಆದ್ರೆ ಮಾತುಕತೆ ಉದ್ದ ಆಗುತ್ತೆ.

ಡಾಕ್ಟರ್ ಹತ್ರ ಹೋಗೋಕೆ ಮುಂಚೆ ಎರಡು ವಾರ ಒಂದು ಡೈರಿ ಇಡಿ. ಹಗಲು ಎಷ್ಟು ಸಲ, ರಾತ್ರಿ ಎಷ್ಟು ಸಲ ಎದ್ದೆ, ಮುಟ್ಟು ಯಾವಾಗ ಬಂತು. "ತುಂಬಾ ಬೆವರುತ್ತೆ ಡಾಕ್ಟ್ರೇ" ಅನ್ನೋದಕ್ಕೂ "ರಾತ್ರಿ ಮೂರು ಸಲ ಬಟ್ಟೆ ಬದಲಾಯಿಸ್ತೀನಿ" ಅನ್ನೋದಕ್ಕೂ ಸಿಗೋ ಗಮನ ಬೇರೆ. ಮನೆಯವರ ಕಾಯಿಲೆಗಳು, ಗಡ್ಡೆ ಕಟ್ಟಿದ್ದು, ಈಗ ತಗೊಳ್ಳೋ ಎಲ್ಲ ಮಾತ್ರೆ ಬರೆದುಕೊಂಡು ಹೋಗಿ. ಕೇಳಬೇಕಾದ ಮುಖ್ಯ ಪ್ರಶ್ನೆ, "ನನ್ನಂಥ ನೂರು ಜನ ತಗೊಂಡ್ರೆ ಎಷ್ಟು ಜನಕ್ಕೆ ಒಳ್ಳೇದು, ಎಷ್ಟು ಜನಕ್ಕೆ ತೊಂದರೆ?" ಶೇಕಡಾ ಇಷ್ಟು ಜಾಸ್ತಿ ಅಂದ್ರೆ, ಎಷ್ಟರಿಂದ ಎಷ್ಟಕ್ಕೆ ಅಂತ ಬಿಡಿಸಿ ಕೇಳಿ.

ಹಾರ್ಮೋನ್ ಬೇಡ ಅನ್ನೋರಿಗೆ

ಬೇಡ ಅಂದ್ರೆ ಸುಮ್ಮನೆ ಅನುಭವಿಸಬೇಕು ಅಂತಲ್ಲ. 2023ರಲ್ಲಿ ಎಫ್‌ಡಿಎ ಫೆಝೊಲಿನೆಟಾಂಟ್ ಅನ್ನೋ ಮಾತ್ರೆಗೆ ಒಪ್ಪಿಗೆ ಕೊಡ್ತು, ಅದು ಹಾರ್ಮೋನ್ ಅಲ್ಲ, ಹೈಪೋಥಲಾಮಸ್‌ನಲ್ಲಿ ಕೆರಳಿರೋ ಆ ನರಕೋಶಗಳ ಸಂಕೇತವನ್ನೇ ತಡೆಯುತ್ತೆ. ಲಿವರ್‌ಗೆ ತೊಂದರೆ ಆಗಬಹುದಾದ್ರಿಂದ ಶುರುವಿನ ತಿಂಗಳುಗಳಲ್ಲಿ ರಕ್ತ ಪರೀಕ್ಷೆ ಮಾಡಿಸ್ತಾ ಇರಬೇಕು. ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳು ಕಮ್ಮಿ ಡೋಸ್‌ನಲ್ಲಿ, ನರದ ನೋವಿಗೆ ಕೊಡೋ ಗ್ಯಾಬಾಪೆಂಟಿನ್, ಇವೂ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮೊಕ್ಸಿಫೆನ್ ತಗೊಳ್ತಿರೋರು ಮಾತ್ರ ಆ ಖಿನ್ನತೆ ಮಾತ್ರೆಗಳಲ್ಲಿ ಒಂದಾದ ಪ್ಯಾರೊಕ್ಸೆಟಿನ್ ತಗೋಬಾರದು, ಟ್ಯಾಮೊಕ್ಸಿಫೆನ್ನಿನ ಕೆಲಸಕ್ಕೆ ಅದು ಅಡ್ಡ ಬರುತ್ತೆ. ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ ಬೆವರು ನಿಲ್ಲಿಸದಿದ್ರೂ ಅದು ಕೊಡೋ ಕಾಟ, ನಿದ್ದೆಗೇಡು ಕಮ್ಮಿ ಮಾಡುತ್ತೆ. ಗಿಡಮೂಲಿಕೆ, ಸೋಯಾ ಗುಳಿಗೆಗಳ ಬಗ್ಗೆ ಸಿಕ್ಕಿರೋ ಪುರಾವೆ ಗಟ್ಟಿ ಇಲ್ಲ.

ಹಾಟ್ ಫ್ಲಾಶ್ ಪ್ರಯೋಗಗಳಲ್ಲಿ ಖಾಲಿ ಮಾತ್ರೆ ತಗೊಂಡವರಿಗೂ ಸುಮಾರು ಅರ್ಧದಷ್ಟು ಕಮ್ಮಿ ಆಗಿರುತ್ತೆ ಅನ್ನೋದೂ ಗೊತ್ತಿರಲಿ. ಯಾವುದೋ ಪುಡಿ ತಗೊಂಡು "ನನಗೆ ವಾಸಿ ಆಯ್ತು" ಅನ್ನೋರು ಸುಳ್ಳು ಹೇಳ್ತಿಲ್ಲ, ಆದ್ರೆ ಪುಡಿಯಿಂದಲೇ ಆಯ್ತು ಅಂತ ಅಲ್ಲ.

ಶುರು ಮಾಡಿದ ಮೇಲೆ

ಇದು ಒಂದು ಸಲ ತಗೊಂಡ್ರೆ ಬಿಡೋಕಾಗದ ಔಷಧಿ ಅಲ್ಲ. ಕೆಲವು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತೆ, ಮೂರು ತಿಂಗಳಿಗೆ ಡಾಕ್ಟರ್ ಮತ್ತೆ ನೋಡಿ ಡೋಸ್ ಸರಿ ಮಾಡ್ತಾರೆ, ಆಮೇಲೆ ವರ್ಷಕ್ಕೊಂದು ಸಲ. ಮೊದಮೊದಲು ಎದೆ ಭಾರ, ಸ್ವಲ್ಪ ಸ್ಪಾಟಿಂಗ್ (ಹನಿ ಹನಿ ರಕ್ತ ಕಾಣಿಸೋದು) ಸಾಮಾನ್ಯ. ಇದು ಗರ್ಭ ತಡೆಯೋ ಮಾತ್ರೆ ಅಲ್ಲ ಅನ್ನೋದು ಪೆರಿಮೆನೋಪಾಸ್‌ನಲ್ಲಿ ಇರೋರಿಗೆ ನೆನಪಿರಲಿ, ಆ ವಯಸ್ಸಲ್ಲೂ ಗರ್ಭ ನಿಲ್ಲಬಹುದು.

ಎಷ್ಟು ವರ್ಷ ಅನ್ನೋದಕ್ಕೆ ಎಲ್ಲರಿಗೂ ಒಂದೇ ಗಡುವು ಇಲ್ಲ. ಐದು ವರ್ಷ ಆದ ತಕ್ಷಣ ನಿಲ್ಲಿಸಲೇಬೇಕು ಅನ್ನೋ ಹಳೇ ಮಾತು ಈಗಿಲ್ಲ, ಪ್ರತಿ ವರ್ಷ ಕೂತು ಇನ್ನೂ ಬೇಕಾ ಅಂತ ಕೇಳಿಕೊಳ್ಳೋದು ಈಗಿನ ರೀತಿ. ನಿಲ್ಲಿಸೋವಾಗ ಒಂದೇ ಸಲ ನಿಲ್ಲಿಸಬಹುದು, ನಿಧಾನವಾಗಿ ಕಮ್ಮಿ ಮಾಡಬಹುದು, ನಿಧಾನವಾಗಿ ಬಿಟ್ರೆ ಬಿಸಿ ವಾಪಸ್ ಬರೋದು ಸದ್ಯಕ್ಕೆ ಸ್ವಲ್ಪ ಕಮ್ಮಿ, ಮುಂದೆ ಹೋದ್ರೆ ಎರಡಕ್ಕೂ ವ್ಯತ್ಯಾಸ ಇಲ್ಲ. ಮೂಳೆಗೆ ಸಿಗ್ತಿದ್ದ ರಕ್ಷಣೆ ನಿಲ್ಲಿಸಿದ ಮೇಲೆ ಕಮ್ಮಿ ಆಗ್ತಾ ಹೋಗುತ್ತೆ, ಅದಕ್ಕೆ ಬೇರೆ ಏನು ಮಾಡೋದು ಅಂತ ಆಗಲೇ ಕೇಳಿ.

ಮಧ್ಯದಲ್ಲಿ ಒಂದು ಕಾಲು ಊದಿ ನೋವು ಬಂದ್ರೆ, ಇದ್ದಕ್ಕಿದ್ದ ಹಾಗೆ ಎದೆನೋವು ಉಸಿರುಗಟ್ಟೋದು, ಮಾತು ತೊದಲೋದು, ಮುಖದ ಒಂದು ಕಡೆ ವಾಲೋದು ಆದ್ರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮೊದಲ ಆರು ತಿಂಗಳು ಆದ್ಮೇಲೂ ರಕ್ತ ಕಾಣಿಸ್ತಿದ್ರೆ, ಅಥವಾ ನಿಂತುಹೋಗಿ ಮತ್ತೆ ಶುರುವಾದ್ರೆ, ಒಂದೇ ಹನಿ ಅಂತ ಬಿಡದೆ ತೋರಿಸಿಕೊಳ್ಳಿ. ಹಾರ್ಮೋನ್ ತಗೊಳ್ಳದೇ ಇರೋರಿಗೂ ಮುಟ್ಟು ನಿಂತು ವರ್ಷ ಆದ್ಮೇಲೆ ರಕ್ತ ಕಂಡ್ರೆ ಇದೇ ಮಾತು.